ಭಾಷಣ ಬೇಡ, ಮಾತು ಬೇಕು!
ಒಂದು ನೊಂದ ಮನೆ ಕರೆದ ವಿಜ್ಞಾನಿಗಳ ಸಭೆ

ಮಹಿಳಾ ಸಮಾಜದ ವಾರ್ಷಿಕೋತ್ಸವಕ್ಕೆ ಓಡಾಡಿದ ಅನುಭವ ನಿಮಗಿದ್ದೇ ಇರುತ್ತದೆ. ಹಾಲ್ ಗೊತ್ತು ಮಾಡಬೇಕು, ಶಾಮಿಯಾನದವನಿಗೆ ಹೇಳಬೇಕು, ಉಪ್ಪಿಟ್ಟು-ಕೇಸರಿಬಾತು ಎಷ್ಟು ಜನಕ್ಕೆಂದು ಲೆಕ್ಕ ಹಾಕಬೇಕು. ಇಷ್ಟೆಲ್ಲ ಮಾಡಿದ ಮೇಲೆ ಅಧ್ಯಕ್ಷರ ಭಾಷಣ ಒಂದು ಗಂಟೆ ಎಳೆದು, ಹಿಂದಿನ ಸಾಲಿನವರು ಮೆಲ್ಲಗೆ ಎದ್ದು ಹೋದರೆ ಹೇಗಿರುತ್ತದೆ ಹೇಳಿ!

ವಿಜ್ಞಾನಿಗಳಿಗೂ ಈ ಪಾಡು ತಪ್ಪಿದ್ದಲ್ಲ. ಮಾನವ ಅನುವಂಶೀಯತೆಯನ್ನು ಅಭ್ಯಾಸ ಮಾಡುವವರ ಸಂಘವೊಂದು ಅಮೆರಿಕದಲ್ಲಿ 1948ರಲ್ಲಿ ಹುಟ್ಟಿತು. ಅದರ ವಾರ್ಷಿಕ ಸಮ್ಮೇಳನಕ್ಕೆ ಈಗ ಸಾವಿರಾರು ಜನ ಸೇರುತ್ತಾರೆ. ಯಾರು ಮಾತಾಡಬೇಕು, ಎಷ್ಟು ಹೊತ್ತು ಎಂಬುದೆಲ್ಲ ಮೊದಲೇ ನಿಶ್ಚಯವಾಗಿರುತ್ತದೆ. ಅಂಥ ದೊಡ್ಡ ಸಭೆಯೂ ಬೇಕು. ಆದರೆ ನಾನಿಲ್ಲಿ ಹೇಳಹೊರಟಿರುವುದು ಪುಟ್ಟ ಸಭೆಗಳ ಕತೆ. ಅವನ್ನು ಕರೆದದ್ದು ಒಂದು ನೊಂದ ಮನೆ.

1968ರ ಮಾತು. ಲಾಸ್ ಏಂಜಲೀಸ್ ನಗರದಲ್ಲಿ ಲಿಯೊನೋರ್ ವೆಕ್ಸ್ಲರ್ ಎಂಬಾಕೆ ಬೆಳಗಿನ ಹೊತ್ತು ರಸ್ತೆ ದಾಟುತ್ತಿದ್ದರು. ಅವರ ತೂರಾಟ ಕಂಡ ಪೊಲೀಸಿನವನು, ಬೆಳಗ್ಗೆಯೇ ಕುಡಿದಿದ್ದೀರಾ ಎಂದು ಗದರಿಸಿದ. ಪಾಪ, ಆಕೆ ಕುಡಿದಿರಲಿಲ್ಲ. ಅವರಿಗೆ ಹಂಟಿಂಗ್‌ಟನ್ ಕಾಯಿಲೆ ಎಂದು ವೈದ್ಯರು ಹೇಳಿದರು. ಮೆದುಳಿನ ಜೀವಕೋಶಗಳು ನಿಧಾನವಾಗಿ ಸಾಯುತ್ತಾ ಹೋಗುವ ರೋಗ ಅದು. ಕೈಕಾಲು ತಮ್ಮಷ್ಟಕ್ಕೆ ಅಲುಗಾಡುತ್ತವೆ, ನೆನಪು ಕುಂದುತ್ತದೆ, ಸ್ವಭಾವವೇ ಬದಲಾಗುತ್ತದೆ. ಸಾಮಾನ್ಯವಾಗಿ ಮೂವತ್ತರಿಂದ ಐವತ್ತರ ನಡುವೆ, ಅಂದರೆ ಮದುವೆಯಾಗಿ ಮಕ್ಕಳಾದ ಮೇಲೆ ತಲೆ ಎತ್ತುತ್ತದೆ.

ಲಿಯೊನೋರ್ ಅವರ ತಂದೆಯೂ ಮೂವರು ಸೋದರರೂ ಇದೇ ರೋಗಕ್ಕೆ ತುತ್ತಾದರು. ಆದರೆ ಅದು ಗಂಡಸರಿಗೆ ಮಾತ್ರ ಬರುವುದೆಂದು ಆಕೆಗೆ ಚಿಕ್ಕಂದಿನಲ್ಲಿ ಹೇಳಲಾಗಿತ್ತು. ಎಂಥ ತಪ್ಪು ತಿಳಿವಳಿಕೆ! ತಾಯಿಗಾಗಲಿ ತಂದೆಗಾಗಲಿ ಈ ರೋಗವಿದ್ದರೆ, ಗಂಡಾಗಲಿ ಹೆಣ್ಣಾಗಲಿ, ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಹೆಣ್ಣುಮಕ್ಕಳಾದ ಆಲಿಸ್ ಮತ್ತು ನ್ಯಾನ್ಸಿ ಇಬ್ಬರ ತಲೆಯ ಮೇಲೂ ಕತ್ತಿ ತೂಗಿತು.

ತಂದೆ ಮಿಲ್ಟನ್ ವೆಕ್ಸ್ಲರ್ ಮನೋವಿಶ್ಲೇಷಕರು. ಆ ವೇಳೆಗೆ ಗಂಡಹೆಂಡಿರಿಗೆ ವಿಚ್ಛೇದನವಾಗಿತ್ತು. ಆದರೂ ಅವರು ಸುಮ್ಮನೆ ಕೂರಲಿಲ್ಲ. ಅನುವಂಶೀಯ ರೋಗಗಳಿಗಾಗಿ ಒಂದು ಪ್ರತಿಷ್ಠಾನ ಕಟ್ಟಿ ವಿಜ್ಞಾನಿಗಳನ್ನು ಕರೆಯತೊಡಗಿದರು. ಕರೆಯುವ ರೀತಿಯೇ ಬೇರೆ. ಹೆಸರಾದ ಹಿರಿಯರಿಗಿಂತ ತರುಣರೇ ಹೆಚ್ಚು. ಅದೂ ಬೇರೆ ಬೇರೆ ಶಾಸ್ತ್ರದವರು. ಬರೆದು ತಂದದ್ದನ್ನು ಓದುವಂತಿಲ್ಲ, ಸ್ಲೈಡ್ ತೋರಿಸುವಂತಿಲ್ಲ. ಮೊದಲು ರೋಗಿಯನ್ನೂ ಮನೆಯವರನ್ನೂ ಕಣ್ಣಾರೆ ಕಾಣಬೇಕು. ಆಮೇಲೆ ದುಂಡಗೆ ಕೂತು ತೋಚಿದ್ದನ್ನೆಲ್ಲ ಮಾತಾಡಬೇಕು. ಬಿಡುವಿನಲ್ಲಿ ಔತಣಕೂಟಗಳೂ ಇರುತ್ತಿದ್ದವು. ಹಾಲಿವುಡ್ ತಾರೆಯರೂ ಬರುತ್ತಿದ್ದರು!

ಮಾತಿನಿಂದ ಏನ್ರೀ ಆಗುತ್ತೆ ಅಂತೀರಾ? ಕೇಳಿ. 1978ರಲ್ಲಿ ಲಿಯೊನೋರ್ ತೀರಿಕೊಂಡರು. ಮರುವರ್ಷ ಅಕ್ಟೋಬರಿನ ಸಭೆಯಲ್ಲಿ ಡೇವಿಡ್ ಹೌಸ್‌ಮನ್ ಎಂಬ ವಿಜ್ಞಾನಿ ಒಂದು ಹೊಸ ದಾರಿಯ ವಿಷಯ ಎತ್ತಿದರು. ಮನೆ ನಂಬರು ಗೊತ್ತಿಲ್ಲದಾಗ ನಾವು ‘ಅರಳೀಕಟ್ಟೆ ಪಕ್ಕ’ ಅಂತ ಗುರುತು ಹೇಳುತ್ತೇವಲ್ಲ? ಹಾಗೆಯೇ ರೋಗದ ಜೀನ್ ಸಿಗದಿದ್ದರೂ ಅದರ ನೆರೆಯಲ್ಲಿರುವ ಗುರುತನ್ನು ಹುಡುಕೋಣ ಎಂದರು. ಅದಕ್ಕೆ ಬಹಳ ಕಾಲ ಹಿಡಿಯುತ್ತದೆ ಎಂದು ಕೆಲವರು ವಾದಿಸಿದರು. ಜಗಳವೂ ನಡೆಯಿತು. ಆದರೆ ಕೆಲಸ ನಿಲ್ಲಲಿಲ್ಲ.

ಹುಡುಕಾಟಕ್ಕೆ ರೋಗವಿರುವ ದೊಡ್ಡ ವಂಶವೊಂದು ಬೇಕಿತ್ತು. ವೆನೆಜುವೆಲಾ ದೇಶದ ಮರಕೈಬೋ ಸರೋವರದ ದಡದ ಹಳ್ಳಿಗಳಲ್ಲಿ ಅಂಥ ಮನೆತನಗಳಿದ್ದವು. 1981ರಿಂದ ನ್ಯಾನ್ಸಿ ತಂಡ ಕಟ್ಟಿಕೊಂಡು ವರ್ಷವರ್ಷವೂ ಅಲ್ಲಿಗೆ ಹೋದರು. ರಕ್ತ ಕೊಡಲು ಜನ ಅಂಜಿದಾಗ, ತನ್ನ ತಾಯಿಗೂ ಇದೇ ರೋಗವಿತ್ತೆಂದು ಹೇಳಿಕೊಂಡರು. ಪರೀಕ್ಷೆಗಾಗಿ ತನ್ನ ತೋಳಿನಿಂದ ಚರ್ಮ ತೆಗೆದ ಗಾಯದ ಗುರುತೂ ಅವರಿಗೆ ಕಾಣಿಸಿತು. ಇವಳೂ ನಮ್ಮವಳೇ ಎಂದಾಯಿತು.

1983ರಲ್ಲಿ ಗುರುತು ಸಿಕ್ಕಿತು: ರೋಗದ ಜೀನ್ 4ನೆಯ ವರ್ಣತಂತುವಿನ ಮೇಲಿದೆ. ಜೀನ್ ಕೈಗೆ ಸಿಗಲು ಮತ್ತೆ ಹತ್ತು ವರ್ಷ ಬೇಕಾಯಿತು. 1993ರಲ್ಲಿ ಆರು ತಂಡಗಳ 58 ವಿಜ್ಞಾನಿಗಳು, ಒಬ್ಬರ ಹೆಸರನ್ನೂ ಮುಂದೆ ಮಾಡದೆ, ಒಂದೇ ಗುಂಪಿನ ಹೆಸರಿನಲ್ಲಿ ಅದನ್ನು ಪ್ರಕಟಿಸಿದರು.

ಇಂದು ರಕ್ತಪರೀಕ್ಷೆಯಿಂದ ಈ ಜೀನ್ ಇದೆಯೇ ಎಂದು ತಿಳಿಯಬಹುದು. ತಿಳಿಯಬೇಕೇ ಬೇಡವೇ ಎಂಬುದು ಆಯಾ ವ್ಯಕ್ತಿಯ ಇಷ್ಟ. ಕೆಲವು ಲಕ್ಷಣಗಳಿಗೆ ಔಷಧಿಯುಂಟು. ರೋಗವನ್ನು ಬೇರುಸಹಿತ ಕೀಳುವ ಮದ್ದು ಇನ್ನೂ ಬರಬೇಕಾಗಿದೆ. 2020ರಲ್ಲಿ ನ್ಯಾನ್ಸಿ ತಮಗೂ ಈ ಕಾಯಿಲೆ ಇದೆಯೆಂದು ಜಗತ್ತಿಗೆ ತಿಳಿಸಿದರು. ಅವರು ಹುಡುಕಿದ್ದರ ಫಲ ಮೊದಲು ಬೇರೆಯವರಿಗೆ ದಕ್ಕಿತು.

ನಮ್ಮಲ್ಲೂ ಮನೆತನದ ಕಾಯಿಲೆಯನ್ನು ಶಾಪವೆಂದು ಮುಚ್ಚಿಡುವವರಿದ್ದಾರೆ. ಮುಚ್ಚಿಟ್ಟದ್ದಕ್ಕೆ ಮದ್ದು ಹುಡುಕುವವರು ಯಾರು? ಹೆಣ್ಣುಮಕ್ಕಳಿಗೆ ಬಾರದು, ನಮಗೇನೂ ಆಗದು ಎಂಬ ಮಾತನ್ನು ನಂಬಿ ಕೂರಬೇಡಿ. ತಿಳಿದ ವೈದ್ಯರನ್ನು ಕೇಳಿ.

ಇನ್ನೊಂದು ಮಾತು. ಮುಂದಿನ ಸಲ ನಿಮ್ಮ ಸಮಾಜದ ಸಭೆ ಸೇರಿದಾಗ ಹಾರ-ತುರಾಯಿ ಸ್ವಲ್ಪ ಕಡಿಮೆ ಮಾಡಿ, ಕುರ್ಚಿಗಳನ್ನು ದುಂಡಗೆ ಹಾಕಿಸಿ. ಕಷ್ಟ ಇರುವವರೇ ಮೊದಲು ಮಾತಾಡಲಿ. ಹಿಂದಿನ ಸಾಲು ಅನ್ನೋದೇ ಇಲ್ಲದಿದ್ದರೆ ಎದ್ದು ಹೋಗುವವರು ಯಾರು?