ಅಮೆಜಾನ್ ಮೀನಿಗೆ ಯಾರ ಅನ್ನದ ಋಣ?

ಬ್ರೆಜಿಲಿನ ಮನೌಸ್ ನಗರದ ಬಳಿ ಅಮೆಜಾನ್ ವರ್ಷಕ್ಕೊಮ್ಮೆ ಸುಮಾರು 10 ಮೀಟರ್ ಏರಿ ಇಳಿಯುತ್ತದೆ. ಏರಿದಾಗ ದಡದ ಕಾಡು ತಿಂಗಳುಗಟ್ಟಲೆ ಮುಳುಗಿರುತ್ತದೆ. ತಂಬಾಕಿ ಎಂಬ ದೊಡ್ಡ ಮೀನು ಮರಗಳ ನಡುವೆ ಈಜುತ್ತ, ಉದುರಿದ ಹಣ್ಣು, ಗಟ್ಟಿ ಬೀಜಗಳನ್ನು ಕಡಿದು ತಿನ್ನುತ್ತದೆ. ಆದರೂ ನೆರೆಬಯಲಿನ ದೊಡ್ಡ ಬೆಳೆಯೆಂದರೆ ಹುಲ್ಲು. ನೀರಿನ ಜೊತೆಗೇ ಮೇಲೇಳುತ್ತದೆ, ನೀರಿಳಿದಾಗ ಕೊಳೆತು ಕೆಸರು ಸೇರುತ್ತದೆ. ಆ ಕೆಸರನ್ನೇ ಹೀರಿ ಬದುಕುವ ಮೀನುಗಳೂ ಅಲ್ಲಿ ಹೇರಳ. ಅವುಗಳ ಮೈ ಬೆಳೆಸುವುದು ಹುಲ್ಲೇ ಇರಬೇಕು ಎಂದು ಯಾರಿಗಾದರೂ ಅನ್ನಿಸೀತು.

ಹೊಟ್ಟೆ ಸೀಳಿದರೆ ಸಿಗುವುದು ಬರೀ ರಾಡಿ. ನುಂಗಿದ್ದೆಲ್ಲ ಮೈಗೆ ಹತ್ತುವುದೂ ಇಲ್ಲ. ಹಾಗಾಗಿ ಕಾರ್ಲೋಸ್ ಅರೌಜೊ-ಲಿಮಾ ಮತ್ತು ಸಂಗಡಿಗರು ಮಾಂಸವನ್ನೇ ಪರೀಕ್ಷೆಗೆ ಹಚ್ಚಿದರು. ಇಂಗಾಲದ ಪರಮಾಣುಗಳಲ್ಲಿ ನೂರಕ್ಕೆ ಒಂದರಷ್ಟು ತುಸು ಭಾರದವು, ಇಂಗಾಲ-13. ಗಿಡಗಳೆಲ್ಲ ಇದನ್ನು ಒಂದೇ ಪ್ರಮಾಣದಲ್ಲಿ ಹೀರುವುದಿಲ್ಲ. ಅಮೆಜಾನಿನ ಆ ಹುಲ್ಲು ನಮ್ಮ ರಾಗಿ, ಜೋಳ, ಕಬ್ಬುಗಳ ಗುಂಪಿನದು. ಅದರಲ್ಲಿ ಭಾರದ ಇಂಗಾಲ ಮಾನಕ ಸುಣ್ಣಕಲ್ಲಿಗಿಂತ ಸಾವಿರಕ್ಕೆ ಸುಮಾರು 13 ಪಾಲು ಕಡಿಮೆ. ಮರಗಳಲ್ಲಿ ಇದು 28ರ ಆಸುಪಾಸು. ನೀರಲ್ಲಿ ತೇಲುವ ಸೂಕ್ಷ್ಮ ಪಾಚಿಯಲ್ಲಿ 33ರ ಹತ್ತಿರ. ತಿಂದ ಪ್ರಾಣಿಯ ಮಾಂಸದಲ್ಲೂ ಈ ಅಂಕಿ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಈಗಿನ ಪ್ರಯೋಗಾಲಯಗಳಲ್ಲಿ ಬೆನ್ನಿನ ಬಿಳಿ ಮಾಂಸವನ್ನು ಒಣಗಿಸಿ, ನುಣ್ಣಗೆ ಪುಡಿಮಾಡಿ, ಮಿಲಿಗ್ರಾಮಿನಷ್ಟನ್ನು ತವರದ ಪುಟ್ಟ ಬಟ್ಟಲಲ್ಲಿ ಮಡಚಿ ಸುಡುತ್ತಾರೆ. ಹೊರಟ ಅನಿಲವನ್ನು ಮಾಸ್ ಸ್ಪೆಕ್ಟ್ರೋಮೀಟರ್ ಅಳೆಯುತ್ತದೆ.

ಫಲಿತಾಂಶ 1986ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಕೆಸರುಣ್ಣುವ ಮೀನುಗಳ ಒಂದು ದೊಡ್ಡ ಬಳಗದ ಮಾಂಸದಲ್ಲಿ ಎದ್ದು ಕಂಡಿದ್ದು ಪಾಚಿಯ ಗುರುತು. 1993ರಲ್ಲಿ ಬ್ರೂಸ್ ಫೋರ್ಸ್‌ಬರ್ಗ್ ತಂಡ ಲೆಕ್ಕವನ್ನು ಇನ್ನಷ್ಟು ಹಿಗ್ಗಿಸಿತು: ನೆರೆಬಯಲಿನ ಸಸ್ಯ ಉತ್ಪಾದನೆಯಲ್ಲಿ ಅರ್ಧದಷ್ಟು ಹುಲ್ಲಿನದೇ, ಮೀನಿಗೆ ಸಂದದ್ದು ಮಾತ್ರ ಅತ್ಯಲ್ಪ. ಶೇಕಡಾ ಹತ್ತೂ ಇಲ್ಲದ ಪಾಚಿಯಿಂದ ಕಡಿಮೆಯೆಂದರೂ ಮೂರರಲ್ಲೊಂದರಷ್ಟು ಇಂಗಾಲ!

ಹುಲ್ಲು ನಾರುನಾರು, ಪಾಚಿಯಲ್ಲಿ ಪ್ರೋಟೀನ್ ಜಾಸ್ತಿ, ಅರಗುವುದೂ ಸುಲಭ. ಆದರೂ ಇಂಗಾಲದ ಅಂಕಿಯೊಂದನ್ನೇ ನಂಬಿ ಕೂರುವುದು ಸರಿಯಲ್ಲ. ಹುಲ್ಲನ್ನೂ ಪಾಚಿಯನ್ನೂ ಬೆರೆಸಿ ಉಂಡ ಮೀನು ಮರದ ಅಂಕಿಯನ್ನೇ ತೋರಿಸಬಹುದು. ಅದಕ್ಕೇ ಸಾರಜನಕ-15ನ್ನೂ ಅಳೆಯುತ್ತಾರೆ. ಆಹಾರ ಸರಪಳಿಯ ಪ್ರತಿ ಮೆಟ್ಟಿಲಿಗೆ ಅದು ಸಾವಿರಕ್ಕೆ ಮೂರರಿಂದ ನಾಲ್ಕು ಪಾಲು ಏರುತ್ತದೆ.

ಅಷ್ಟೊಂದು ಹುಲ್ಲು ಎಲ್ಲಿ ಹೋಯಿತು? ಬಹುಪಾಲನ್ನು ಬ್ಯಾಕ್ಟೀರಿಯಾಗಳು ಕರಗಿಸಿ ಕಾರ್ಬನ್ ಡೈಆಕ್ಸೈಡ್ ಆಗಿ ಉಸಿರಾಡಿಬಿಡುತ್ತವೆ. ಅದರಲ್ಲಿ ಒಂದಿಷ್ಟನ್ನು ಪಾಚಿ ಹೀರಿಕೊಳ್ಳುತ್ತದೆ, ಉಳಿದದ್ದು ನದಿಯ ಮೇಲ್ಮೈಯಿಂದ ಗಾಳಿಗೆ.