ಒಂದು ಪಾದ ಮುಗಿಸಿ, ಆಮೇಲೆ ಮುಂದಿನವರು

ಗಚ್ಚಿಬೌಲಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿರುವ ಬೀದರ್ ಕಡೆಯ ಓದುಗರೊಬ್ಬರು ಕೇಳಿದ್ದಾರೆ: ‘ದಿನದ ಕೆಲಸ ಬರೆದಿಡಲು ಆ್ಯಪ್ ಮೇಲೆ ಆ್ಯಪ್ ಬದಲಾಯಿಸಿದೆ. ಬೆಳಿಗ್ಗೆ ಪಟ್ಟಿ ಚೆಂದವಾಗಿಯೇ ಇರುತ್ತದೆ. ಮಧ್ಯಾಹ್ನದೊಳಗೆ ಚಾಟ್, ಮೀಟಿಂಗ್, ಟಿಕೆಟ್ಟು ಅಂತ ದಿಕ್ಕಾಪಾಲಾಗಿರುತ್ತೇನೆ. ಏಕಾಗ್ರತೆಗೆ ವೈಜ್ಞಾನಿಕವಾದ ಪದ್ಧತಿ ಅಂತ ಏನಾದರೂ ಇದೆಯೆ?’

ಇದೆ. ಆದರೆ ಮಾರಾಟಕ್ಕಿಟ್ಟಿರುವುದಕ್ಕಿಂತ ಬಹಳ ಚಿಕ್ಕದು. ಅದನ್ನು ನೋಡಲು ಆ್ಯಪ್‌ಗಳ ಅಂಗಡಿಗಿಂತ, ಎಂಟು ಮಂದಿಯ ಸವಾಲುಗಳಿಗೆ ಆಶುವಾಗಿ ಉತ್ತರಿಸುವ ಅಷ್ಟಾವಧಾನದ ವೇದಿಕೆಯೇ ಒಳ್ಳೆಯದು. ತೆಲುಗು ನಾಡಿನಲ್ಲಿ ತಿರುಪತಿ ವೆಂಕಟ ಕವಿಗಳೆಂಬ ಜೋಡಿ ಈ ಕಲೆಯನ್ನು ಸಂಸ್ಥಾನದಿಂದ ಸಂಸ್ಥಾನಕ್ಕೆ ಹೊತ್ತು ತಿರುಗಿತು. ಕನ್ನಡದಲ್ಲಿ ಅದಕ್ಕೆ ಮತ್ತೆ ಜೀವ ತುಂಬಿದವರು ಶತಾವಧಾನಿ ಆರ್. ಗಣೇಶ್. ಕೋಲಾರದಲ್ಲಿ ಹುಟ್ಟಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ಗಣೇಶರು 1981ರಲ್ಲಿ ಅವಧಾನ ಶುರು ಮಾಡಿ, 2014ರಲ್ಲಿ ಸಾವಿರದ ಗಡಿ ಮುಟ್ಟಿದರು.

ಅವಧಾನಿಯ ಮುಂದೆ ಎಂಟು ಮಂದಿ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು. ನಿಷೇಧಾಕ್ಷರಿಯವರು ಒಂದೊಂದು ಅಕ್ಷರಕ್ಕೂ ‘ಇದು ಬೇಡ’ ಎಂದು ಅಡ್ಡ ಹಾಕುತ್ತಾರೆ. ದತ್ತಪದಿಯವರು ನಾಲ್ಕು ಪದ ಕೊಟ್ಟು ಪದ್ಯದಲ್ಲಿ ಸೇರಿಸಿ ಎನ್ನುತ್ತಾರೆ. ಸಮಸ್ಯೆಯವರು ಅಸಂಬದ್ಧವಾದ ಕೊನೆಯ ಸಾಲನ್ನು ಕೊಟ್ಟು, ಅದಕ್ಕೆ ಅರ್ಥ ಬರುವಂತೆ ಉಳಿದ ಸಾಲು ಹೆಣೆಯಿರಿ ಎನ್ನುತ್ತಾರೆ. ಸಂಖ್ಯಾಬಂಧದವರು ಚೌಕದ ಯಾವುದೋ ಮನೆಯ ಅಂಕಿಯನ್ನು ಯಾವಾಗಲೋ ಕೇಳುತ್ತಾರೆ. ಅಪ್ರಸ್ತುತ ಪ್ರಸಂಗದವರಿಗಂತೂ ಮಾತಿನ ನಡುವೆ ಬಾಯಿ ಹಾಕುವುದೇ ಕೆಲಸ. ಗಮನಿಸಿ, ಅಂಥವರು ಎಂಟರಲ್ಲಿ ಒಬ್ಬರೇ. ನಮ್ಮ ಆಫೀಸುಗಳಲ್ಲಿ ಈ ಅನುಪಾತ ತಿರುಗುಮುರುಗಾಗಿದೆ.

ಕಾಗದ ಇಲ್ಲ, ಪೆನ್ನಿಲ್ಲ. ಎಂಟು ಕೆಲಸ ಒಟ್ಟಿಗೆ ಮಾಡುತ್ತಾರೆ ಎಂದು ಸಭೆ ಬೆರಗಾಗುತ್ತದೆ. ಆದರೆ ಅವಧಾನ ನಡೆಯುವ ಕ್ರಮ ಬೇರೆಯೇ. ಮೊದಲ ಸುತ್ತಿನಲ್ಲಿ ಒಂದು ಪದ್ಯದ ಒಂದೇ ಪಾದ, ಅಂದರೆ ಒಂದೇ ಸಾಲು. ಅದು ಪೂರ್ತಿಯಾದ ಮೇಲೆಯೇ ಮುಂದಿನ ಪೃಚ್ಛಕರ ಕಡೆ ತಿರುಗುವುದು. ಹೀಗೆ ನಾಲ್ಕು ಸುತ್ತಿಗೆ ನಾಲ್ಕು ಪಾದ, ಕೊನೆಗೆ ಧಾರಣೆ, ಅಂದರೆ ಎಲ್ಲ ಪದ್ಯಗಳನ್ನೂ ಮೊದಲಿನಿಂದ ಹೇಳುವುದು. ಎಂಟು ಕೆಲಸ ಏಕಕಾಲಕ್ಕೆ ನಡೆಯುತ್ತಲೇ ಇಲ್ಲ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗುವುದು ನಡೆಯುತ್ತಿದೆ, ಬಿಡುವುದಕ್ಕೆ ಮಾತ್ರ ಒಂದು ಗೊತ್ತಾದ ಜಾಗವಿದೆ.

ಹಾಗಾದರೆ ಅವರ ತಲೆ ನಮ್ಮದಕ್ಕಿಂತ ದೊಡ್ಡದಲ್ಲವೆ? 1980ರಲ್ಲಿ ಮನಶ್ಶಾಸ್ತ್ರಜ್ಞ ಆ್ಯಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಬ್ಬ ಸಾಧಾರಣ ವಿದ್ಯಾರ್ಥಿಯ ಕತೆಯನ್ನು ಪ್ರಕಟಿಸಿದರು. ಮೊದಲು ಏಳು ಅಂಕಿಗಳನ್ನಷ್ಟೇ ನೆನಪಿಡುತ್ತಿದ್ದವನು ಇಪ್ಪತ್ತು ತಿಂಗಳ ಅಭ್ಯಾಸದಲ್ಲಿ 79 ಅಂಕಿಗಳನ್ನು ಕೇಳಿ ಒಪ್ಪಿಸಿದ. ಅವನು ಓಟಗಾರ, ಅಂಕಿಗಳನ್ನೆಲ್ಲ ಓಟದ ಸಮಯಗಳಾಗಿ ಕಟ್ಟು ಕಟ್ಟಿ ಇಡುತ್ತಿದ್ದ. ಅಂಕಿಯ ಬದಲು ಅಕ್ಷರ ಕೊಟ್ಟ ಕೂಡಲೇ ಮತ್ತೆ ಆರಕ್ಕೆ ಇಳಿದ. ನೆನಪಿನ ಪಾತ್ರೆ ಹಿಗ್ಗಿರಲಿಲ್ಲ, ತುಂಬುವ ವಿಧಾನ ಬದಲಾಗಿತ್ತು. ಅವಧಾನಿಗೆ ಆ ಕಟ್ಟು ಛಂದಸ್ಸು. ಗಣ, ಪ್ರಾಸ, ಯತಿಗಳು ಅರ್ಧ ಸಾಲನ್ನು ತಾವೇ ಹಿಡಿದುಕೊಳ್ಳುತ್ತವೆ. ನಮ್ಮ ಕೆಲಸಗಳಿಗೆ ಛಂದಸ್ಸಿಲ್ಲ, ಅದಕ್ಕೇ ನಮಗೆ ಕಾಗದ ಬೇಕು. ಕಾಗದದ ಜಾಗದಲ್ಲಿ ಯಾವ ಆ್ಯಪ್ ಇದ್ದರೂ ಸರಿ, ಆ್ಯಪ್ ಬದಲಾಯಿಸುವುದೇ ಒಂದು ಉದ್ಯೋಗವಾಗದಿದ್ದರೆ.

ಇನ್ನು ಬಿಡುವ ಜಾಗದ ವಿಷಯ. ಇದರ ಇತಿಹಾಸದಲ್ಲಿ 1927 ಸ್ವಾರಸ್ಯದ ವರ್ಷ. ಆ ವರ್ಷ ಅಮೆರಿಕದಲ್ಲಿ ಆರ್ಥರ್ ಜೆರ್ಸಿಲ್ಡ್, ಒಂದು ಲೆಕ್ಕ ಕೂಡಿಸಿ ಮುಂದಿನದನ್ನು ಕಳೆಯುತ್ತ ಹೋಗುವವರು, ಬರೀ ಕೂಡಿಸುವವರಿಗಿಂತ ಅಥವಾ ಬರೀ ಕಳೆಯುವವರಿಗಿಂತ ನಿಧಾನ ಎಂದು ಅಳೆದು ತೋರಿಸಿದರು. ಹೆಚ್ಚಿನವರು ಹೇಳದೆ ಬಿಡುವ ಇನ್ನೊಂದು ಸಂಗತಿಯೂ ಅಲ್ಲಿದೆ: ಎರಡು ಕೆಲಸಗಳು ಪೂರ್ತಿ ಬೇರೆಯಾಗಿದ್ದರೆ, ಒಂದು ಅಂಕಿಯದು ಇನ್ನೊಂದು ಪದದ್ದು ಎಂಬಂತಿದ್ದರೆ, ಆ ನಷ್ಟ ಕಾಣಲಿಲ್ಲ. ಅವಧಾನದ ವಿಭಾಗಗಳೂ ಒಂದನ್ನೊಂದು ಹೋಲುವುದಿಲ್ಲ. ಇದರಿಂದ ನಾನು ತೆಗೆಯುವ ಅರ್ಥವಿಷ್ಟು: ಒಂದೇ ಥರದ ಎರಡು ಬಗ್‌ಗಳನ್ನು ಎರಡು ಕಿಟಕಿಗಳಲ್ಲಿ ತೆರೆದಿಟ್ಟುಕೊಳ್ಳುವುದೇ ಎಲ್ಲಕ್ಕಿಂತ ದುಬಾರಿ.

ಅದೇ 1927ರಲ್ಲಿ ಬರ್ಲಿನ್‌ನಲ್ಲಿ ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನ್ ಅವರ ಶಿಷ್ಯೆ ಬ್ಲೂಮಾ ಝೈಗಾರ್ನಿಕ್ ತಮ್ಮ ಪ್ರಬಂಧ ಪ್ರಕಟಿಸಿದರು. ಲಿಥುವೇನಿಯಾ ಮೂಲದ ಈ ಹೆಣ್ಣುಮಗಳು ಜನರಿಗೆ ಮಣಿ ಪೋಣಿಸುವ, ಒಗಟು ಬಿಡಿಸುವ ಸಣ್ಣಪುಟ್ಟ ಕೆಲಸ ಕೊಟ್ಟು, ಅರ್ಧದಷ್ಟನ್ನು ನಡುವೆ ತಡೆದರು. ಆಮೇಲೆ ಏನೇನು ಮಾಡಿದಿರಿ ಎಂದು ಕೇಳಿದರೆ ತಡೆದ ಕೆಲಸಗಳೇ ಹೆಚ್ಚು ನೆನಪಿದ್ದವು. ‘ಅರ್ಧ ಬಿಟ್ಟದ್ದು ತಲೆ ಕೊರೆಯುತ್ತದೆ’ ಎಂಬ ಸೂತ್ರ ಇಂದು ಪ್ರತಿಯೊಂದು ಸಮಯಪಾಲನೆಯ ಪುಸ್ತಕದಲ್ಲೂ ಉಂಟು. ಉಳಿದ ಕತೆ ಅಲ್ಲಿರುವುದಿಲ್ಲ. ನಂತರದವರಿಗೆ ಈ ಫಲಿತಾಂಶ ಒಮ್ಮೆ ಸಿಕ್ಕಿತು, ಒಮ್ಮೆ ಸಿಗಲಿಲ್ಲ. ಈವರೆಗಿನ ಪ್ರಯೋಗಗಳನ್ನು ಒಟ್ಟು ಹಾಕಿ 2025ರಲ್ಲಿ ಬಂದ ವಿಶ್ಲೇಷಣೆಯಂತೂ ನೆನಪಿನಲ್ಲಿ ಅಂಥ ಮೇಲುಗೈ ಏನೂ ಇಲ್ಲ ಎಂದಿತು. ಗಟ್ಟಿಯಾಗಿ ನಿಂತದ್ದು ಅದೇ ಲೆವಿನ್ ಬಳಗದ ಮರಿಯಾ ಓವ್ಸಿಯಾಂಕಿನಾ 1928ರಲ್ಲಿ ಕಂಡದ್ದು: ಅರ್ಧಕ್ಕೆ ತಡೆದವರನ್ನು ಸುಮ್ಮನೆ ಬಿಟ್ಟರೆ, ಯಾರೂ ಹೇಳದಿದ್ದರೂ ಹೆಚ್ಚಿನವರು ಅದೇ ಕೆಲಸಕ್ಕೆ ಕೈ ಹಾಕುತ್ತಾರೆ. ಹೆಸರು ಝೈಗಾರ್ನಿಕ್‌ಗೆ ಹೋಯಿತು, ಸರಿಯಾದ ಫಲಿತಾಂಶ ಓವ್ಸಿಯಾಂಕಿನಾರ ಬಳಿ ಉಳಿಯಿತು. ವಿಜ್ಞಾನದಲ್ಲಿ ಇದೇನು ಹೊಸತಲ್ಲ.

ಅಂದರೆ ಬಿಟ್ಟ ಕೆಲಸ ಸೆಳೆಯುತ್ತದೆ. ಸೆಳೆತ ಇದ್ದಾಗ ಮುಂದಿನ ಕೆಲಸ ಕೆಡುತ್ತದೆ ಎಂದು ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಇದನ್ನು ಗಮನದ ಉಳಿಕೆ ಎನ್ನಬಹುದು. ಮುಗಿಸಿದ ಕೆಲಸವೂ ಕೆಲವೊಮ್ಮೆ ಅಂಟಿಕೊಳ್ಳುತ್ತದೆ, ಆದರೆ ಗಡುವಿನ ಒತ್ತಡದಲ್ಲಿ ಮುಗಿಸಿದ್ದು ಸಲೀಸಾಗಿ ಬಿಟ್ಟುಹೋಗುತ್ತದೆ. ಪೃಚ್ಛಕರು ಕಾದು ಕೂತಿರುವ ಅವಧಾನಿಗೆ ಆ ಗಡುವು ತಾನಾಗಿಯೇ ಒದಗುತ್ತದೆ.

ಮುಗಿಸಲು ಆಗದಿದ್ದರೆ? ಮುಗಿಸುವ ದಾರಿಯನ್ನು ಬರೆದರೂ ಸಾಕು. ಮಾಸಿಕ್ಯಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಕಂಡಂತೆ, ಬಾಕಿ ಕೆಲಸ ಯಾವಾಗ, ಎಲ್ಲಿ, ಹೇಗೆ ಮಾಡುತ್ತೇನೆಂದು ಯೋಚಿಸಿ ಬರೆದವರಿಗೆ ಓದುವಾಗ ಅದು ನಡುವೆ ಬಂದು ಕಾಡಲಿಲ್ಲ. ಕೆಲಸ ಒಂದಿಷ್ಟೂ ಮುಂದೆ ಹೋಗಿರಲಿಲ್ಲ! ಲೆರಾಯ್ ಮತ್ತು ಥೆರೆಸಾ ಗ್ಲೋಂಬ್ 2018ರಲ್ಲಿ ಇದನ್ನೇ ಆಫೀಸಿಗೆ ಒಗ್ಗಿಸಿದರು. ಯಾರಾದರೂ ಕರೆದಾಗ ಕೂಡಲೇ ಎದ್ದು ಹೋಗದೆ, ‘ಎಲ್ಲಿಗೆ ಬಂದಿದ್ದೇನೆ, ಮರಳಿ ಬಂದು ಏನು ಮಾಡಬೇಕು’ ಎಂದು ಚುಟುಕಾಗಿ ಬರೆದು ಏಳುವುದು. ಗಚ್ಚಿಬೌಲಿಯ ಓದುಗರಿಗೆ ನನ್ನ ಉತ್ತರವೂ ಇದೇ. ಇಡೀ ಪದ್ಧತಿಯಲ್ಲಿ ಒಂದೇ ಒಂದು ಅಭ್ಯಾಸ ಸಾಕೆಂದರೆ ನಾನು ಇದನ್ನು ಆರಿಸುತ್ತೇನೆ. ಟಿಕೆಟ್ಟಿನ ಕೆಳಗೆ ಎರಡು ಸಾಲು ಬರೆದರೆ ಅದು ನಿಮ್ಮ ಪಾದ.

25 ನಿಮಿಷ ಗಡಿಯಾರ ಇಟ್ಟು ಕೆಲಸ ಮಾಡುವ ಪೊಮೊಡೊರೊ ಪದ್ಧತಿಯ ಬಗ್ಗೆಯೂ ಒಂದು ಮಾತು. 1980ರ ದಶಕದ ಕೊನೆಯಲ್ಲಿ ಇಟಲಿಯ ವಿದ್ಯಾರ್ಥಿ ಫ್ರಾಂಚೆಸ್ಕೊ ಚಿರಿಲ್ಲೊ ಅಡುಗೆಮನೆಯ ಟೊಮ್ಯಾಟೊ ಆಕಾರದ ಗಡಿಯಾರ ಇಟ್ಟುಕೊಂಡು ಅದನ್ನು ರೂಢಿಸಿಕೊಂಡ. ಆ 25ರ ಹಿಂದೆ ಮಿದುಳಿನ ರಹಸ್ಯ ಏನೂ ಇಲ್ಲ. ಗಂಟೆ ಹೊಡೆದಾಗ ಪಾದದ ನಡುವೆ ಇದ್ದರೆ ಮುಗಿಸಿಯೇ ಏಳಿ.

ದಿನದ ಪಟ್ಟಿಯನ್ನು ಬೆಳಿಗ್ಗೆಗಿಂತ ಹಿಂದಿನ ರಾತ್ರಿ ಬರೆಯುವುದು ಮೇಲು. 2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಯುವಕ ಯುವತಿಯರನ್ನು ಪ್ರಯೋಗಾಲಯದಲ್ಲಿ ಮಲಗಿಸಿ ನೋಡಿದರು. ಮಲಗುವ ಮುಂಚೆ ಐದು ನಿಮಿಷ ಮಾಡಬೇಕಾದ ಕೆಲಸಗಳನ್ನು ಬರೆದವರು, ಮಾಡಿ ಮುಗಿಸಿದ್ದನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಮೊದಲೇ ನಿದ್ದೆ ಹೋದರು. ಸಣ್ಣ ಪ್ರಯೋಗ, ಆದರೆ ಖರ್ಚೇನೂ ಇಲ್ಲ.

ಪಟ್ಟಿ ಕೈಕೊಡುವುದು ಅಂದಾಜಿನಲ್ಲಿ. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಕೆನಡಾದ ವಿದ್ಯಾರ್ಥಿಗಳನ್ನು ಪ್ರಬಂಧ ಮುಗಿಸಲು ಎಷ್ಟು ದಿನ ಬೇಕೆಂದು ಕೇಳಿದರು. ಸರಾಸರಿ ಉತ್ತರ 33.9 ದಿನ. ಎಲ್ಲವೂ ಕೆಟ್ಟರೆ? 48.6. ನಿಜವಾಗಿ ಹಿಡಿದದ್ದು 55.5. ಮನಸ್ಸು ಮುಂದಿನ ಕೆಲಸವನ್ನು ಕಲ್ಪಿಸಿಕೊಳ್ಳುವಾಗ ಹಿಂದಿನ ಅನುಭವವನ್ನು ಲೆಕ್ಕಕ್ಕೆ ತರುವುದೇ ಇಲ್ಲ. ಆಫೀಸಿನಲ್ಲಿ ಸ್ಪ್ರಿಂಟ್ ಲೆಕ್ಕ ಹಾಕುವಾಗ ಹೋದ ಸಲದ ಅಂಕಿಗಳನ್ನು ತೆಗೆದು ನೋಡುವ ಎಂಜಿನಿಯರುಗಳು ಸ್ವಂತ ದಿನಕ್ಕೆ ಬಂದಾಗ ಎಂಟು ಗಂಟೆಗೆ ಹನ್ನೆರಡು ಗಂಟೆಯ ಕೆಲಸ ಬರೆದುಕೊಳ್ಳುತ್ತಾರೆ. ಪಕ್ಕದ ಸೀಟಿನವರನ್ನು ಕೇಳಿ ನೋಡಿ. ಅದೇ ಅಧ್ಯಯನದಲ್ಲಿ ಇನ್ನೊಬ್ಬರ ಕೆಲಸಕ್ಕೆ ಅಂದಾಜು ಹೇಳಿದವರಿಗೆ ಈ ಅತಿಯಾದ ಭರವಸೆ ಇರಲಿಲ್ಲ. ಅವರ ಲೆಕ್ಕ ನಿಜಕ್ಕಿಂತ ಕೊಂಚ ಜಾಸ್ತಿಯೇ ಇತ್ತು. ನಿಮ್ಮ ಅಂಕಿ ಮತ್ತು ಅವರ ಅಂಕಿಯ ನಡುವೆ ಎಲ್ಲೋ ಒಂದು ಕಡೆ ನಾಳೆಯ ಪಟ್ಟಿಗೆ ಗೆರೆ ಎಳೆಯಬಹುದು.