ಬಿಳಿ ನೊಣಕ್ಕೆ ಮೂರು ವಾರದ ಮದ್ದು

ದಾಸವಾಳದ ಗಿಡಕ್ಕೆ ಕೈ ತಾಗಿದ ಕೂಡಲೇ ಹಿಟ್ಟು ಕೊಡವಿದ ಹಾಗೆ ಪುಟ್ಟ ಬಿಳಿ ಹುಳುಗಳು ಎದ್ದವಾ? ಅದೇ ಬಿಳಿ ನೊಣ. ಬಾಲ್ಕನಿಯಲ್ಲಿ ಟೊಮ್ಯಾಟೊ, ಬದನೆ, ಮೆಣಸಿನ ಗಿಡ ಇಟ್ಟುಕೊಂಡವರಿಗೆ ಬೇಸಿಗೆಯಲ್ಲಿ ಇದರ ಕಾಟ ಇದ್ದದ್ದೇ.

ನೋಡೋಕೆ ಸಾಧು ಹುಳು. ಆದರೆ ಎಲೆಯ ರಸ ಹೀರಿ, ಅಂಟಂಟಾದ ಸಿಹಿ ದ್ರವ ಬಿಡುತ್ತದೆ. ಅದಕ್ಕೆ ಇರುವೆ ಸಾಲುಗಟ್ಟುತ್ತದೆ, ಎಲೆ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಟೊಮ್ಯಾಟೊ ಗಿಡಕ್ಕೆ ಎಲೆ ಮುದುರು ರೋಗದ ವೈರಸ್ ತರೋದೂ ಇದೇ. ಆ ರೋಗ ಬಂದ ಗಿಡಕ್ಕೆ ಮದ್ದಿಲ್ಲ, ಕಿತ್ತು ಹಾಕಬೇಕಷ್ಟೆ.

ಎಷ್ಟೋ ಜನ ಹಾರುವ ನೊಣಕ್ಕೆ ಒಂದು ಸಲ ಸ್ಪ್ರೇ ಹೊಡೆದು ಸುಮ್ಮನಾಗುತ್ತಾರೆ. ನಿಜವಾದ ಸಂಸಾರ ಇರೋದು ಎಲೆಯ ಅಡಿಯಲ್ಲಿ. ಅಲ್ಲಿ ಮೊಟ್ಟೆಯಿಟ್ಟು, ಮರಿಯಾಗಿ, ರೆಕ್ಕೆ ಬರೋಕೆ ಬೆಚ್ಚಗಿನ ಹವೆಯಲ್ಲಿ ಸುಮಾರು 3 ವಾರ ಬೇಕು. ಇವತ್ತು ಉಳಿದ ಮೊಟ್ಟೆ ಮುಂದಿನ ವಾರ ಮರಿ. ಹಾಗಾಗಿ ನಮ್ಮ ಮದ್ದೂ 3 ವಾರ ನಡೆಯಬೇಕು.

ನಾನು ಅನುಸರಿಸೋ ಕ್ರಮ ಇದು:

ನೀರು: ಬೆಳಿಗ್ಗೆ ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹಾಯಿಸಿ. ಮರಿ ತುಂಬಿದ ಹಳೇ ಎಲೆಗಳನ್ನು ಕಿತ್ತು, ಕವರ್‌ನಲ್ಲಿ ಗಂಟು ಕಟ್ಟಿ ಎಸೆಯಿರಿ.

ಬೇವಿನೆಣ್ಣೆ: 1 ಲೀಟರ್ ಉಗುರುಬೆಚ್ಚಗಿನ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರವ. ಸೋಪು ಹಾಕದಿದ್ದರೆ ಎಣ್ಣೆ ನೀರಲ್ಲಿ ಬೆರೆಯಲ್ಲ. ಮೊದಲು ಒಂದೇ ಎಲೆಗೆ ಹಾಕಿ, ಮರುದಿನ ಸುಟ್ಟಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಸಿಂಪಡಿಸೋದು ಸಂಜೆ ಹೊತ್ತು, ಎಲೆಯ ಅಡಿಗೆ. ವಾರಕ್ಕೊಮ್ಮೆಯಂತೆ 4 ಸಲ. ಆಫೀಸ್ ಗಡಿಬಿಡಿಯಲ್ಲಿ ಮರೆತುಹೋಗುತ್ತೆ, ಫೋನಲ್ಲಿ ರಿಮೈಂಡರ್ ಇಟ್ಟುಬಿಡಿ.

ಹಳದಿ ಹಾಳೆ: ಈ ನೊಣಕ್ಕೆ ಹಳದಿ ಬಣ್ಣ ಅಂದ್ರೆ ಆಯ್ತು. ಹಳದಿ ಅಂಟು ಹಾಳೆ ಸಿಗದಿದ್ದರೆ ಹಳದಿ ರಟ್ಟಿಗೆ ಹರಳೆಣ್ಣೆ ಸವರಿ ಗಿಡದ ಮಟ್ಟಕ್ಕೆ ತೂಗುಹಾಕಿ. ಇದಕ್ಕೆ ಬೀಳೋದು ರೆಕ್ಕೆ ಬಂದವು ಮಾತ್ರ. ಮರಿಗಳಿಗೆ ಬೇವಿನೆಣ್ಣೆಯೇ ಗತಿ.

ಘಾಟಿನ ಕೀಟನಾಶಕದ ಬಾಟಲಿಗೆ ಕೈ ಹಾಕಬೇಡಿ. ಬಿಳಿ ನೊಣದ ಮರಿ ತಿನ್ನುವ ಗುಲಗಂಜಿ ಹುಳುವೂ ಅದರಿಂದ ಸಾಯುತ್ತದೆ. ಮೇಲಾಗಿ ಆ ಮೆಣಸಿನಕಾಯಿ ನಾಳೆ ನಮ್ಮ ಒಗ್ಗರಣೆಗೇ ಬೀಳೋದು. ಯೂರಿಯಾನೂ ಕಡಿಮೆ ಮಾಡಿ. ಎಳೆ ಚಿಗುರು ಹೆಚ್ಚಾದಷ್ಟೂ ನೊಣಕ್ಕೆ ಹಬ್ಬ.

ನರ್ಸರಿಯಿಂದ ಹೊಸ ಗಿಡ ತಂದರೆ ಎಲೆ ಮಗುಚಿ ನೋಡಿ, ಒಂದು ವಾರ ಬೇರೆ ಕಡೆ ಇಡಿ. ಇಷ್ಟೆಲ್ಲ ಮಾಡಿಯೂ ನೊಣ ಮತ್ತೆ ಬಂತಾ? ಪಕ್ಕದ ಬಾಲ್ಕನಿಯವರಿಗೂ ಒಂದು ಬಾಟಲಿ ಬೇವಿನೆಣ್ಣೆ ನೀರು ಮಾಡಿಕೊಡಿ.